ಒಂಟಿ ಸೀನು

"ಮೇಷ್ಟ್ರೇ, ಯಾರೂ ತಪ್ಪು ಮಾಡದೆ ಕೆಲಸ ಕೆಡುವುದುಂಟೇ?"

ಸರ್ವಮಂಗಳಾ ಚಪ್ಪಲಿ ಬಿಡುತ್ತಲೇ ಕೇಳಿದಳು. ಓಬಳಯ್ಯ ಮೇಷ್ಟ್ರು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವರು ಗಣಿತ ಕಲಿಸಿ ನಿವೃತ್ತರಾದವರು. ಅವರ ಬಳಿ ಕಲಿತ ಸರ್ವಮಂಗಳಾ ಈಗ ಕಡಲಿನ ಚಂಡಮಾರುತಗಳ ದಾರಿಯನ್ನು ಮುಂಚಿತವಾಗಿ ಲೆಕ್ಕ ಹಾಕುವ ಕೇಂದ್ರದಲ್ಲಿ ದೊಡ್ಡ ಕಂಪ್ಯೂಟರಿನ ಹೊಣೆ ಹೊತ್ತಿದ್ದಳು. ಕೂದಲು ಅಲ್ಲಲ್ಲಿ ನೆರೆತಿದ್ದರೂ ಈ ಜಗಲಿಗೆ ಬಂದರೆ ಅವಳು ವಿದ್ಯಾರ್ಥಿನಿಯೇ.

"ಕೂತ್ಕೊಳಮ್ಮ. ಬರಿಗೈಯಲ್ಲಿ ಕೂರಬೇಡ, ನೀನೂ ಒಂದು ಹಿಡಿ ತಗೋ. ಯಾವ ಕೆಲಸ ಕೆಟ್ಟಿದ್ದು?"

ಅವಳು ಕಾಯಿ ಸುಲಿಯುತ್ತ ಹೇಳಿದಳು. ಕಡಲನ್ನೂ ಅದರ ಮೇಲಿನ ಆಕಾಶವನ್ನೂ ಸಣ್ಣ ಚೌಕಗಳಾಗಿ ಕೊಯ್ದು, ಒಂದೊಂದನ್ನು ಒಂದೊಂದು ಯಂತ್ರಕ್ಕೆ ಹಂಚುತ್ತಾರೆ. ಪ್ರತಿ ಯಂತ್ರವೂ ತನ್ನ ಚೌಕದಲ್ಲಿ ಮುಂದಿನ ಗಳಿಗೆಗೆ ಗಾಳಿ ಎತ್ತ ಬೀಸೀತು ಎಂದು ಲೆಕ್ಕ ಹಾಕಿ ಅಕ್ಕಪಕ್ಕದವಕ್ಕೆ ತಿಳಿಸುತ್ತದೆ. ಎಲ್ಲವೂ ಮುಗಿಸಿದ ಮೇಲೆ ಎಲ್ಲವೂ ಒಟ್ಟಿಗೆ ಮುಂದಿನ ಹೆಜ್ಜೆ ಇಡುತ್ತವೆ. ಒಂದು ಮುಗಿಸದಿದ್ದರೆ ಉಳಿದವೆಲ್ಲ ಕೈಕಟ್ಟಿ ಕಾಯುತ್ತವೆ. ಮೊದಲು ಕೆಲವೇ ಯಂತ್ರಗಳಿದ್ದವು. ಕೆಲಸ ಸಲೀಸಾಗಿ ಸಾಗುತ್ತಿತ್ತು. ಲೆಕ್ಕ ಇನ್ನೂ ಬೇಗ ಮುಗಿಯಲಿ, ಮೀನುಗಾರರು ದೋಣಿ ಇಳಿಸುವ ಮೊದಲೇ ಸುದ್ದಿ ಮುಟ್ಟಲಿ ಎಂದು ಈ ವರ್ಷ ಸಾವಿರಾರು ಯಂತ್ರಗಳನ್ನು ಜೋಡಿಸಿದರು. ಲೆಕ್ಕ ಬೇಗ ಮುಗಿಯಲಿಲ್ಲ. ಯಂತ್ರ ಹೆಚ್ಚಿದಂತೆ ಕುಂಟುವುದೂ ಹೆಚ್ಚಿತು.

"ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಿದಿರಾ?"

"ಒಂದನ್ನೂ ಬಿಡದೆ ನೋಡಿದೆವು. ಒಂಟಿಯಾಗಿ ಓಡಿಸಿದರೆ ಪ್ರತಿಯೊಂದೂ ಜಿಂಕೆ. ಒಟ್ಟಿಗೆ ಕಟ್ಟಿದರೆ ಎತ್ತಿನ ಗಾಡಿ."

"ಸರಿ. ಇದರಲ್ಲಿ ನೀನು ಯಾಕೆ ಇಷ್ಟು ಇಳಿದುಹೋಗಿದ್ದೀಯ?"

ಸರ್ವಮಂಗಳಾ ಕೈಯಲ್ಲಿದ್ದ ಸಿಪ್ಪೆಯನ್ನು ಎರಡಾಗಿ ಮುರಿದಳು.

"ನಾಳೆ ಸಭೆ ಇದೆ. ಮೇಲಿನವರಿಗೆ ಒಂದು ಹೆಸರು ಬೇಕು. ಯಾರದು ತಪ್ಪು, ಹೇಳಿ ಅಂತ. ಪಾತಲಿಂಗ ಅಂತ ಒಬ್ಬ ಹುಡುಗನಿದ್ದಾನೆ, ಯಂತ್ರಗಳನ್ನು ನೋಡಿಕೊಳ್ಳುವವನು. ಕೆಲಸ ಇನ್ನೂ ಕಾಯಂ ಆಗಿಲ್ಲ. ದೊಡ್ಡವರು ನೋಡಲು ಬಂದ ದಿನ ಲೆಕ್ಕ ನಿಂತುಹೋಯಿತು. ಆ ಹೊತ್ತಿಗೆ ಕೀಲಿಮಣೆಯ ಮುಂದೆ ಇದ್ದವನು ಅವನು. ಅಷ್ಟೇ. ಅವನ ಹೆಸರು ಆಗಲೇ ಎಲ್ಲರ ಬಾಯಲ್ಲಿದೆ. ನಾನು ಹೂಂ ಅಂದರೆ ಮುಗಿಯಿತು. ಅವನ ತಪ್ಪು ನನಗೆ ಕಾಣಿಸುತ್ತಿಲ್ಲ. ಆದರೆ ಬೇರೆ ಯಾರ ತಪ್ಪೂ ಕಾಣಿಸುತ್ತಿಲ್ಲವಲ್ಲ ಮೇಷ್ಟ್ರೇ, ಅದಕ್ಕೇ ಬಂದೆ."

ಮೇಷ್ಟ್ರು ಒಂದು ಕಾಯಿ ಬಿಡಿಸಿ ಹುಳು ನೋಡಿ ಆಚೆ ಎಸೆದರು. ಆಮೇಲೆ ಕತೆ ಶುರು ಮಾಡಿದರು.

ಒಂದು ಸೀಮೆಯಲ್ಲಿ ಒಬ್ಬ ಪಾಳೇಗಾರ ಕೆರೆ ಕಟ್ಟಿಸುತ್ತಿದ್ದ. ಏರಿ ಎದ್ದಿತ್ತು. ನಡುವೆ ತೂಬಿನ ಜಾಗ ಮಾತ್ರ ಬಾಯಿ ತೆರೆದುಕೊಂಡಿತ್ತು. ಅಲ್ಲಿ ನಿಲ್ಲಿಸಬೇಕಾದ ಕಲ್ಲು ಗುಡ್ಡದ ಬುಡದಲ್ಲಿ ಕಡಿದು ಸಿದ್ಧವಾಗಿತ್ತು. ಮಳೆಗೆ ಮೊದಲು ಆ ಕಲ್ಲು ಬಂದು ನಿಂತರೆ ಕೆರೆ. ಬಾರದಿದ್ದರೆ ಮೊದಲ ನೀರೇ ಆ ಬಾಯಿಂದ ನುಗ್ಗಿ ಏರಿಯನ್ನು ಕೊಚ್ಚಿ, ಕೆಳಗಿನ ಊರನ್ನೂ ಹೊತ್ತುಕೊಂಡು ಹೋಗುತ್ತದೆ.

ಕಲ್ಲು ಎಳೆಸುವ ಹೊಣೆ ಒಬ್ಬ ಮೇಸ್ತ್ರಿಯದು. ಕಲ್ಲಿನ ಕೆಲಸದಲ್ಲಿ ಕೂದಲು ಹಣ್ಣಾದವನು. ಏರಿಗೆ ಹಾಸಿದ ಕಲ್ಲನ್ನೆಲ್ಲ ಎಳೆಸಿ ತಂದವನು ಅವನೇ. ಅವೆಲ್ಲ ಸಣ್ಣ ಕಲ್ಲು. ಎಂಟು ಆಳಿನ ಒಂದೊಂದು ತಂಡ ಒಂದೊಂದನ್ನು ಎಳೆಯುತ್ತಿತ್ತು. ತಂಡಗಳು ಹಾಡಿಕೊಂಡು ಬರುತ್ತಿದ್ದವು, ಹೋಗುತ್ತಿದ್ದವು. ಮೇಸ್ತ್ರಿ ಮರದ ನೆರಳಲ್ಲಿ ಕೂತು ನಶ್ಯ ಏರಿಸುತ್ತಿದ್ದ.

ತೂಬಿನ ಕಲ್ಲು ಹಾಗಲ್ಲ. ಪಾಳೇಗಾರನ ಬಳಿ ಇದ್ದ ಒಂದೇ ಆನೆ ಅದನ್ನು ಒಂದು ಸುತ್ತು ಹಾಕಿ ನೋಡಿ ತಿರುಗಿ ನಡೆದುಬಿಟ್ಟಿತು. ಮನುಷ್ಯರೇ ಎಳೆಯಬೇಕು. ಕಲ್ಲಿನ ಕೆಳಗೆ ಉರುಳುಮರ, ಮುಂದೆ ಎರಡು ಸಾಲು ಹಗ್ಗ, ಪಕ್ಕದಲ್ಲಿ ಕೂಗು ಹಾಕುವವನು ಒಬ್ಬ. ಅವನು 'ಐಸಾ' ಎಂದಾಗ ಎಲ್ಲ ಕೈಯೂ ಒಂದೇ ಸಲಕ್ಕೆ ಬಿಗಿಯಬೇಕು. ಒಂದು ಕಡೆ ಬಿಗಿದು ಒಂದು ಕಡೆ ಸಡಿಲವಾದರೆ ಕಲ್ಲು ಉರುಳುಮರದಿಂದ ಜಾರುತ್ತದೆ. ಅದಕ್ಕೇ ಕೂಗುವವನು ಸಾಲಿನ ಉದ್ದಕ್ಕೂ ಕಣ್ಣಾಡಿಸಿ, ಎಲ್ಲ ಕೈಯೂ ಹಗ್ಗದ ಮೇಲಿವೆ ಎಂದು ಖಚಿತವಾದ ಮೇಲೆಯೇ ಬಾಯಿ ತೆರೆಯುತ್ತಿದ್ದ.

ಆ ಸೀಮೆಯ ಕಲ್ಲೆಳೆಯುವವರಿಗೆ ಒಂದು ಕಟ್ಟಳೆ ಇತ್ತು. ಕೈ ಹಗ್ಗದ ಮೇಲಿರುವಾಗ ಯಾರಾದರೂ ಒಂಟಿ ಸೀನು ಸೀನಿದರೆ ಎಲ್ಲರೂ ಹಗ್ಗ ಕೆಳಗಿಡಬೇಕು. ಸೀನಿದವನಿಗೆ ಇನ್ನೊಂದು ಸೀನು ಬಂದರೆ ಅದು ಜೋಡಿ. ದೋಷ ಕಳೆಯಿತು, ಹಗ್ಗ ಎತ್ತಬಹುದು. ಬಾರದಿದ್ದರೆ ಕೂತು, ಒಂದು ಗುಟುಕು ನೀರು ಕುಡಿದು, ದೇವರನ್ನು ನೆನೆದು ಏಳಬೇಕು. ಅಪ್ಪನ ಕಾಲದಿಂದ, ಅಜ್ಜನ ಕಾಲದಿಂದ ಹಾಗೇ ನಡೆದಿತ್ತು. ಎಂಟು ಆಳಿನ ತಂಡದಲ್ಲಿ ಇದು ಯಾರಿಗೂ ಭಾರವೆನಿಸಿರಲಿಲ್ಲ. ಹೊತ್ತು ಹುಟ್ಟಿ ಮುಳುಗುವುದರೊಳಗೆ ಎಂಟು ಮೂಗುಗಳಿಂದ ಎಷ್ಟು ಸೀನು ಬಂದೀತು? ಬಂದರೆ ಬೆನ್ನಿಗೂ ಒಂದು ಗಳಿಗೆ ಬಿಡುವು.

ತೂಬಿನ ಕಲ್ಲಿಗೆ ಮೇಸ್ತ್ರಿ ಮೊದಲು ನೂರು ಆಳು ಹಚ್ಚಿದ. ಕಲ್ಲು ಕದಲಿತು, ಆದರೆ ಅವನು ಎಣಿಸಿದಷ್ಟು ದೂರ ಬರಲಿಲ್ಲ. ಶಕ್ತಿ ಸಾಲದು ಎಂದುಕೊಂಡು ಇನ್ನೂ ನೂರು ಆಳು ಕರೆಸಿದ. ಈಗ ಒಂದೊಂದು ಎಳೆತಕ್ಕೆ ಕಲ್ಲು ಮೊದಲಿಗಿಂತ ಉದ್ದ ಸರಿಯುತ್ತಿತ್ತು. ಎಳೆತಗಳೇ ಕಡಿಮೆಯಾದವು. ಸಂಜೆ ನೋಡಿದರೆ ಕಲ್ಲು ನಿನ್ನೆ ಬಂದಷ್ಟೇ ಬಂದಿತ್ತು.

"ಆಮೇಲೆ ಇನ್ನೂ ಜನ ಸೇರಿಸಿದನಾ?" ಸರ್ವಮಂಗಳಾ ಕೇಳಿದಳು.

"ಸೇರಿಸಿದ."

"ನಾವೂ ಅದನ್ನೇ ಮಾಡಿದ್ದು," ಎಂದಳು. ಬಂದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ಸಣ್ಣ ನಗೆ ಕಂಡಿತು.

ಮೇಸ್ತ್ರಿ ಅಕ್ಕಪಕ್ಕದ ಊರಿನಿಂದಲೂ ಆಳು ತಂದ. ಹಗ್ಗದ ಸಾಲು ಒಂದು ಹೊಲದಿಂದ ಇನ್ನೊಂದು ಹೊಲದವರೆಗೆ ಉದ್ದವಾಯಿತು. ಕಲ್ಲು ಮೊದಲಿಗಿಂತ ನಿಧಾನವಾಯಿತು. ಕೂಗುವವನು ಸಾಲಿನ ಮೇಲೆ ಕಣ್ಣಾಡಿಸಿ ಇನ್ನೇನು ಬಾಯಿ ತೆರೆಯಬೇಕು, ಆ ತುದಿಯಲ್ಲಿ ಯಾರೋ ಸೀನುತ್ತಿದ್ದ. ಎಲ್ಲರ ಹಗ್ಗವೂ ಕೆಳಕ್ಕೆ.

"ಇನ್ನೊಂದು ಸೀನೋ ಪುಣ್ಯಾತ್ಮ!"

"ಬಂದರೆ ತಾನೇ?"

"ಸೂರ್ಯನ್ನ ನೋಡು, ಬರುತ್ತೆ."

"ನೋಡ್ತಾನೇ ಇದೀನಿ. ಕಣ್ಣಲ್ಲಿ ನೀರು ಬಂತು, ಮೂಗಲ್ಲಿ ಏನೂ ಬರಲಿಲ್ಲ."

"ಒಂದು ಹುಲ್ಲುಕಡ್ಡಿ ಹಾಕ್ರೋ ಅವನ ಮೂಗಿಗೆ!"

ಕಡ್ಡಿ ಹಾಕುವಷ್ಟರಲ್ಲಿ ಈ ತುದಿಯಲ್ಲಿ ಇನ್ನೊಬ್ಬ ಸೀನುತ್ತಿದ್ದ. ಅದು ಅವನ ಜೋಡಿಯಲ್ಲ, ಇವನ ಒಂಟಿ. ಮತ್ತೆ ಮೊದಲಿನಿಂದ. ಸೀನು ಇಲ್ಲದಾಗ ಒಬ್ಬನ ತಲೆಯ ವಸ್ತ್ರ ಜಾರುತ್ತಿತ್ತು. ಇನ್ನೊಬ್ಬನಿಗೆ ಬಾಯಲ್ಲಿದ್ದ ಎಲೆಅಡಿಕೆ ಉಗಿಯಬೇಕಾಗುತ್ತಿತ್ತು. ಒಬ್ಬನ ಅತ್ತೆ ಊರಿಂದ ಬಂದು, ಹಗ್ಗದ ಪಕ್ಕದಲ್ಲೇ ನಿಂತು, ಮಗಳನ್ನು ಯಾವಾಗ ತವರಿಗೆ ಕಳಿಸುತ್ತೀಯ ಎಂದು ಕೇಳುತ್ತಿದ್ದಳು. ಅವನು ಒಂದು ಕೈ ಬಿಟ್ಟು ನಮಸ್ಕಾರ ಮಾಡುತ್ತಿದ್ದ. ಆ ಒಂದು ನಮಸ್ಕಾರಕ್ಕೆ ಅಷ್ಟೂ ಜನ ಕಾಯುತ್ತಿದ್ದರು.

ಪೂರ್ವದಲ್ಲಿ ಮೋಡ ಕಟ್ಟತೊಡಗಿತು. ಪಾಳೇಗಾರ ಕುದುರೆಯ ಮೇಲೆ ಬಂದ. ಅವನು ಇಳಿಯುವ ಹೊತ್ತಿಗೆ ಸರಿಯಾಗಿ, ಸಾಲಿನ ನಡುವೆ ನಿಂತಿದ್ದ ಒಬ್ಬ ಬಡಕಲು ಆಳು ಸೀನಿದ. ಪಾಳೇಗಾರನ ಕಣ್ಣೆದುರಿಗೇ ಹಗ್ಗವೆಲ್ಲ ನೆಲಕ್ಕೆ ಬಿತ್ತು. ಜನ ಕೂತು ನೀರು ಕುಡಿದರು.

"ಏನೋ ಮೇಸ್ತ್ರಿ, ಇದು ಕೆಲಸವೋ, ಬೀಗರ ಔತಣವೋ?"

"ಕಟ್ಟಳೆ, ಬುದ್ಧಿ."

"ಕಟ್ಟಳೆ ಇರಲಿ. ಇಷ್ಟು ಜನ ಎಳೆದರೂ ಕಲ್ಲು ಬರುತ್ತಿಲ್ಲ ಅಂದರೆ ಇವರಲ್ಲಿ ಯಾವನೋ ಒಬ್ಬ ಕಳ್ಳನಿದ್ದಾನೆ. ಮೈಗಳ್ಳ. ಅವನು ಯಾರು ಅಂತ ನೀನು ಹೇಳಬೇಕು. ನಾನು ಮತ್ತೆ ಬರುವ ಹೊತ್ತಿಗೆ ಹೆಸರು ಸಿದ್ಧವಾಗಿರಲಿ. ಅವನನ್ನೂ ಅವನ ಮನೆಮಂದಿಯನ್ನೂ ಗಡಿ ದಾಟಿಸುತ್ತೇನೆ. ಹೆಸರು ಹೇಳದಿದ್ದರೆ ಗಡಿ ದಾಟುವವನು ನೀನು."

ಹೀಗೆ ಹೇಳಿ, ಬಡಕಲು ಆಳಿನ ಕಡೆ ಒಮ್ಮೆ ನೋಡಿ, ಕುದುರೆ ಹತ್ತಿ ಹೋದ. ಆ ನೋಟವನ್ನು ಎಲ್ಲರೂ ಕಂಡರು. ಬಡಕಲು ಆಳೂ ಕಂಡ. ಅಂದಿನಿಂದ ಅವನ ಎಡಬಲದಲ್ಲಿ ನಿಲ್ಲುವವರು ಒಂದು ಮೊಳ ದೂರ ಸರಿದು ನಿಂತರು.

ಮೇಸ್ತ್ರಿಗೆ ಹೆಸರು ಸುಲಭವಾಗಿತ್ತು. ಪಾಳೇಗಾರನೇ ಅದನ್ನು ಅರ್ಧ ಹೇಳಿ ಹೋಗಿದ್ದ, ಉಳಿದರ್ಧ ಹೇಳಿದರೆ ತನ್ನ ಮನೆ ಉಳಿಯುತ್ತದೆ. ಆದರೂ ಅವನು ಕಲ್ಲಿನ ಕೆಲಸದವನು. ಬಿರುಕು ಕಾಣದೆ ಇಲ್ಲಿ ಬಿರುಕಿದೆ ಎಂದು ಗುರುತು ಹಾಕಿ ಅವನಿಗೆ ಅಭ್ಯಾಸವಿರಲಿಲ್ಲ.

ಮೊದಲು ಬಡಕಲು ಆಳನ್ನು ಹಗ್ಗದಿಂದ ಬಿಡಿಸಿ ಮನೆಗೆ ಕಳಿಸಿ ನೋಡಿದ. ಕಲ್ಲು ಹಿಂದಿನಷ್ಟೇ ಕುಂಟಿತು. ಅವನನ್ನು ಕರೆಸಿ ಮತ್ತೆ ನಿಲ್ಲಿಸಿದ. ಆಮೇಲೆ ಎಲ್ಲರನ್ನೂ ಎಂಟೆಂಟರ ತಂಡ ಮಾಡಿ ಒಂದೊಂದು ಸಣ್ಣ ಕಲ್ಲು ಕೊಟ್ಟ. ಒಂದು ತಂಡವೂ ಸೋಲಲಿಲ್ಲ. ಬಡಕಲು ಆಳಿದ್ದ ತಂಡ ಉಳಿದವರಿಗಿಂತ ಮುಂದೆಯೇ ಇತ್ತು. ಕೊನೆಗೆ ಸಾಲಿನ ಈ ತುದಿಯಿಂದ ಆ ತುದಿಗೆ ನಡೆದು ಒಬ್ಬೊಬ್ಬನನ್ನೂ ಕೇಳಿದ.

"ಇವತ್ತು ನೀನು ಎಷ್ಟು ಸಲ ಹಗ್ಗ ಬಿಟ್ಟೆ?"

"ಒಂದೇ ಸಲ. ಕಾಲಿಗೆ ಮುಳ್ಳು ಚುಚ್ಚಿತ್ತು."

"ನೀನು?"

"ಒಂದು ಸಲ. ಸೀನು ಬಂತು."

"ನೀನು?"

"ನನ್ನ ಅತ್ತೆ ಬಂದಿದ್ದಳು, ನಿಮಗೇ ಗೊತ್ತಲ್ಲ."

ಯಾರೂ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳುವವರ ಕಣ್ಣು ಮೇಸ್ತ್ರಿಗೆ ಗೊತ್ತಿತ್ತು. ಸಾಲಿನ ಆ ತುದಿ ಮುಟ್ಟಿ ಹಿಂತಿರುಗಿ ನೋಡಿದಾಗ ಅವನ ಮನಸ್ಸಿಗೆ ಬಂತು. ಒಬ್ಬೊಬ್ಬನದು ಒಂದೊಂದೇ ಸಲ. ಆದರೆ ಒಬ್ಬನ ಸಲ ಮುಗಿದ ಮೇಲೆ ಇನ್ನೊಬ್ಬನದು, ಅವನದು ಮುಗಿದ ಮೇಲೆ ಮತ್ತೊಬ್ಬನದು. ಬೆಳಗಿನಿಂದ ಬೈಗಿನವರೆಗೆ ಈ ಸಾಲಿನಲ್ಲಿ ಯಾರದಾದರೂ ಒಂದು ಸಲ ನಡೆಯುತ್ತಲೇ ಇರುತ್ತದೆ. ಎಂಟು ಜನರಲ್ಲಿ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಬಯಲಿನಷ್ಟು ಜಾಗವಿತ್ತು, ಇಷ್ಟು ಜನರಲ್ಲಿ ಸೂಜಿ ತೂರುವಷ್ಟೂ ಇಲ್ಲ. ಹುಡುಕಿದ ಕಳ್ಳ ಸಿಗಲಿಲ್ಲ, ಏಕೆಂದರೆ ಎಲ್ಲರ ಬಳಿಯೂ ಅವನ ಒಂದೊಂದು ಚೂರಿತ್ತು.

ಅರ್ಥವಾಯಿತು. ಆದರೆ ಉಪಾಯ ಹೊಳೆಯಲಿಲ್ಲ. ಹೆದರಿದವನಿಗೆ ಮೊದಲು ಹೊಳೆಯುವುದು ಅಪ್ಪಣೆ. ಇನ್ನು ಮುಂದೆ ಹಗ್ಗದ ಮೇಲೆ ಸೀನುವಂತಿಲ್ಲ, ಉಗಿಯುವಂತಿಲ್ಲ, ತಲೆ ಮುಟ್ಟುವಂತಿಲ್ಲ ಎಂದು ಸಾರಿಬಿಟ್ಟ. ಜನ ಸೀನು ತಡೆದರು. ತಡೆದ ಸೀನು ಎಲ್ಲಿಗೆ ಹೋಗಬೇಕು? ಸರಿಯಾಗಿ 'ಐಸಾ' ಎಂದ ಗಳಿಗೆಗೆ ಹೊರಬಂತು. ಮೈ ಬಿಗಿಯಬೇಕಾದವನು ಬಾಗಿದ, ಹಗ್ಗ ವಾಲಿತು. ಕಲ್ಲು ಉರುಳುಮರದಿಂದ ಜಾರಿ ಮಣ್ಣಿಗೆ ಕೂತಿತು. ಅದನ್ನು ಮತ್ತೆ ಮರದ ಮೇಲೆ ಹತ್ತಿಸುವಷ್ಟರಲ್ಲಿ ಒಂದು ದಿನವೇ ಹೋಯಿತು. ಮೇಸ್ತ್ರಿ ಅಪ್ಪಣೆಯನ್ನು ಹಿಂದಕ್ಕೆ ತೆಗೆದುಕೊಂಡ.

ಪಾಳೇಗಾರ ಹೇಳಿದಂತೆ ಬಂದ. ಮೋಡ ಅವನ ಹಿಂದೆಯೇ ಬಂದ ಹಾಗಿತ್ತು. ಗಾಳಿ ಎದ್ದಿತ್ತು. ಅವನು ಹಗ್ಗದ ಸಾಲಿನ ಪಕ್ಕದಲ್ಲೇ ಕುದುರೆ ನಿಲ್ಲಿಸಿ ಇಳಿದ. ಆಳುಗಳು ಹಗ್ಗ ಹಿಡಿದು ನಿಂತಿದ್ದರು. ಬಡಕಲು ಆಳಿನ ಹೆಂಡತಿ ಸ್ವಲ್ಪ ದೂರದಲ್ಲಿ ಒಂದು ಗಂಟು ಕಟ್ಟಿಕೊಂಡು ಬಂದು ಕೂತಿದ್ದಳು. ಗಡಿ ದಾಟುವುದೇ ಆದರೆ ಮನೆಗೆ ಹೋಗಿ ಬರಲು ಹೊತ್ತು ಕೊಡುತ್ತಾರೋ ಇಲ್ಲವೋ ಎಂದು.

"ಎಲ್ಲಿ ಹೆಸರು?" ಎಂದ ಪಾಳೇಗಾರ.

ಮೇಸ್ತ್ರಿ ಗಂಟನ್ನು ನೋಡಿದ. ಏನೂ ತೋಚದಾಗ ಅವನ ಕೈ ತಾನಾಗಿ ಹೋಗುತ್ತಿದ್ದುದು ಸೊಂಟದಲ್ಲಿದ್ದ ನಶ್ಯದ ಡಬ್ಬಿಗೆ. ಹೊಸದಾಗಿ ಅರೆದು ತುಂಬಿಸಿದ ನಶ್ಯ, ಮುಚ್ಚಳ ಬಿಗಿಯಾಗಿತ್ತು. ಉಗುರು ಹಾಕಿ ಮೀಟಿದ. ಮುಚ್ಚಳ ಹಾರಿತು, ಡಬ್ಬಿ ಮಗುಚಿತು. ಗಾಳಿ ಅವನ ಬೆನ್ನ ಹಿಂದಿನಿಂದ ಬೀಸುತ್ತಿತ್ತು. ಡಬ್ಬಿಯಲ್ಲಿದ್ದ ಅಷ್ಟೂ ನಶ್ಯವನ್ನು ಎತ್ತಿ ಸಾಲಿನ ಉದ್ದಕ್ಕೂ ಬಳಿದುಕೊಂಡು ಹೋಯಿತು.

ಕೈ ತಪ್ಪಿತೋ, ಬೇಕೆಂದೇ ತೂರಿದನೋ, ಈ ಕತೆ ಹೇಳುವವರಲ್ಲಿ ಎರಡು ಪಕ್ಷವಿದೆ. ನಾನು ಕೈ ತಪ್ಪಿತು ಎನ್ನುವವರ ಕಡೆ.

ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಸಾಲಿಗೆ ಸಾಲೇ ಸೀನಿತು. ಅಷ್ಟು ಜನ ಒಟ್ಟಿಗೆ ಸೀನಿದ್ದನ್ನು ಆ ಸೀಮೆ ಕೇಳಿರಲಿಲ್ಲ. ಮರದ ಮೇಲಿನ ಕಾಗೆಗಳೆಲ್ಲ ಎದ್ದವು. ಕೂಗುವವನು ಸೀನಿದ. ಕುದುರೆ ಸೀನಿತು. ಪಾಳೇಗಾರ ಸೊಂಟದ ಕತ್ತಿ ಹಿಡಿದುಕೊಂಡು ಸೀನಿದ. ಅವನ ಪೇಟ ಕಳಚಿ ಕಾಲ ಬಳಿ ಬಿತ್ತು.

ಎಲ್ಲರೂ ಮೂಗು ಒರೆಸಿಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಹಗ್ಗ ಕೆಳಗಿಡಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ.

"ಇದು ಒಂಟಿಯೋ, ಜೋಡಿಯೋ?" ಕೂಗುವವನು ಕೇಳಿದ.

ಸಾಲಿನಿಂದ ಯಾರೋ ಹೇಳಿದ: "ಒಂಟಿಯಂತೂ ಅಲ್ಲ ಕಣೋ. ದಿಬ್ಬಣ!"

ನಗು ಸಾಲಿನ ಉದ್ದಕ್ಕೂ ಹರಿಯಿತು. ಒಂಟಿಯಲ್ಲದ ಮೇಲೆ ದೋಷವೆಲ್ಲಿ? ಕೂಗುವವನು ಕಣ್ಣಾಡಿಸಿದ. ಎಲ್ಲ ಕೈಯೂ ಹಗ್ಗದ ಮೇಲಿದ್ದವು. 'ಐಸಾ' ಎಂದ. ಕಲ್ಲು ಸರಿಯಿತು. ಮತ್ತೆ ಕಣ್ಣಾಡಿಸಿದ. ಯಾರೂ ಸೀನಲಿಲ್ಲ. ಮತ್ತೆ 'ಐಸಾ'. ಎಲ್ಲರ ಮೂಗೂ ಒಟ್ಟಿಗೆ ಖಾಲಿಯಾಗಿತ್ತು, ಇನ್ನು ಸ್ವಲ್ಪ ಹೊತ್ತು ಯಾರಿಗೂ ಸೀನುವುದಕ್ಕೆ ಏನೂ ಉಳಿದಿರಲಿಲ್ಲ. ಮೇಲಿಂದ ಮೇಲೆ ಕೂಗು, ಮೇಲಿಂದ ಮೇಲೆ ಎಳೆತ. ಎರಡು ದಿನಕ್ಕೂ ಬಾರದಷ್ಟು ದೂರ ಕಲ್ಲು ಆ ಒಂದು ಹೊತ್ತಿನಲ್ಲಿ ಬಂತು. ಮೇಸ್ತ್ರಿ ಖಾಲಿ ಡಬ್ಬಿ ಹಿಡಿದು ನೋಡುತ್ತಲೇ ನಿಂತ.

ಪಾಳೇಗಾರ ಪೇಟ ಎತ್ತಿಕೊಂಡು ಧೂಳು ಕೊಡವಿದ.

"ಹೆಸರು ಕೇಳಿದೆನಲ್ಲೋ."

"ಹೇಳುತ್ತೇನೆ, ಬುದ್ಧಿ. ಸೀನಿದವರು ಯಾರೋ, ಕಲ್ಲು ಬಾರದಂತೆ ತಡೆದವರು ಅವರೇ."

ಪಾಳೇಗಾರನ ಮೂಗು ಇನ್ನೂ ಕೆಂಪಾಗಿತ್ತು. ಅವನು ಮೇಸ್ತ್ರಿಯನ್ನು ನೋಡಿದ, ಸಾಲನ್ನು ನೋಡಿದ, ಗಂಟು ಕಟ್ಟಿಕೊಂಡು ಕೂತ ಹೆಂಗಸನ್ನು ನೋಡಿದ.

"ಹಾಗಾದರೆ ಗಡಿ ದಾಟುವ ಮೊದಲ ಗಾಡಿ ನನ್ನ ಮನೆ ಮುಂದೆಯೇ ಕಟ್ಟಬೇಕಾಗುತ್ತದೆ," ಎಂದ. ಆಮೇಲೆ ಆ ಹೆಂಗಸಿಗೆ, "ತಾಯೀ, ಗಂಟು ಬಿಚ್ಚಿಡು. ಒಲೆ ಹಚ್ಚು ಹೋಗು," ಎಂದ. ಕುದುರೆ ಹತ್ತುವಾಗ ಇನ್ನೊಮ್ಮೆ ಸೀನಿದ. "ಜೋಡಿ!" ಎಂದು ಸಾಲಿಗೆ ಸಾಲೇ ಕೂಗಿತು.

ಆಮೇಲೆ ಮೇಸ್ತ್ರಿ ಕೆಲಸದ ಕ್ರಮವನ್ನೇ ಬದಲಿಸಿದ. ದಾರಿಯುದ್ದಕ್ಕೂ ಹೊಂಗೆಮರಗಳಿದ್ದವು. ಕಲ್ಲು ಒಂದೊಂದು ಮರ ಮುಟ್ಟಿದಾಗಲೂ ಎಲ್ಲರೂ ಹಗ್ಗ ಇಡಬೇಕು. ತಲೆಗೊಂದು ಚಿಟಿಕೆಯಂತೆ ನಶ್ಯ ಸಾಲಿನುದ್ದಕ್ಕೂ ಸಾಗುತ್ತಿತ್ತು. ಸೀನುವವರು ಸೀನಿದರು. ಉಗಿಯುವವರು ಉಗಿದರು. ತಲೆಯ ವಸ್ತ್ರ ಬಿಚ್ಚಿ ಬಿಗಿದು ಕಟ್ಟಿದರು, ಮುಳ್ಳು ತೆಗೆದರು, ಬೆನ್ನು ಕೆರೆದುಕೊಂಡರು, ನೀರು ಕುಡಿದರು. ಯಾರ ಸೀನನ್ನೂ ಅವನು ಕಿತ್ತುಕೊಳ್ಳಲಿಲ್ಲ. ಅಷ್ಟೂ ಸೀನು ಮೊದಲಿನಂತೆಯೇ ಇತ್ತು. ಎಲ್ಲದಕ್ಕೂ ಒಂದೇ ಹೊತ್ತು ಗೊತ್ತುಮಾಡಿದ, ಅಷ್ಟೇ. ಆ ಮರದಿಂದ ಮುಂದಿನ ಮರದವರೆಗೆ ಹಗ್ಗ ನೆಲ ಮುಟ್ಟುತ್ತಿರಲಿಲ್ಲ.

ಮರ ಬರುವವರೆಗೆ ಕಾಯದ ಸಂಗತಿಗಳೂ ಇದ್ದವು. ಹೊಲಕ್ಕೆ ದನ ನುಗ್ಗಿತೆಂಬ ಸುದ್ದಿ, ಮನೆಯಿಂದ ಬಂದ ಬುತ್ತಿ, ಅತ್ತೆ. ಅದಕ್ಕಾಗಿ ಸಾಲಿನಿಂದ ಕೆಲವರನ್ನು ಬಿಡಿಸಿ ಬದಿಗೆ ನಿಲ್ಲಿಸಿದ. ಬಂದವರೊಡನೆ ಮಾತಾಡುವುದು, ಬಂದದ್ದನ್ನು ತೆಗೆದಿಡುವುದು ಅವರ ಕೆಲಸ. ಬಡಕಲು ಆಳು ಅವರಲ್ಲಿ ಒಬ್ಬನಾದ, ಎಲ್ಲರ ಅತ್ತೆಯಂದಿರಿಗೂ ಅವನೇ ನಮಸ್ಕಾರ ಮಾಡಿದ. ಪಾಳೇಗಾರ ಇನ್ನೊಮ್ಮೆ ಬಂದಾಗ ಅವರನ್ನು ಕಂಡು ಹುಬ್ಬು ಗಂಟಿಕ್ಕಿದ.

"ಗಟ್ಟಿ ಆಳುಗಳನ್ನು ಹಗ್ಗ ಬಿಡಿಸಿ ಸುಮ್ಮನೆ ನಿಲ್ಲಿಸಿದ್ದೀಯಲ್ಲೋ?"

"ಇವರು ನಿಂತಿದ್ದಾರೆ ಅಂತಲೇ ಅವರು ನಡೆಯುತ್ತಿದ್ದಾರೆ, ಬುದ್ಧಿ."

ಪಾಳೇಗಾರ ಕಲ್ಲನ್ನು ನೋಡಿದ. ಕಲ್ಲು ನಡೆಯುತ್ತಿತ್ತು. ಅವನು ಮತ್ತೆ ಕೇಳಲಿಲ್ಲ.

ಕಲ್ಲು ಏರಿಯ ಬಾಯಿಗೆ ನಿಂತ ಸಂಜೆಯೇ ಮಳೆ ಇಳಿಯಿತು. ಜನ ಮನೆಗೆ ಹೋಗದೆ ಏರಿಯ ಮೇಲೆ ನೆನೆಯುತ್ತ ನಿಂತರು. ಕೆಂಪು ನೀರು ಹಳ್ಳದಿಂದ ನುಗ್ಗಿ ಬಂತು, ಕಲ್ಲಿಗೆ ಬಡಿಯಿತು, ಸುತ್ತಿ ತಿರುಗಿತು, ಆಮೇಲೆ ಮೆಲ್ಲಗೆ ಮೇಲೇರತೊಡಗಿತು. ಕೆಳಗಿನ ಊರಿನಲ್ಲಿ ಒಲೆಗಳ ಹೊಗೆ ಏಳುತ್ತಿತ್ತು. ಆಗ ಬಡಕಲು ಆಳು ಸೀನಿದ. ಒಂದೇ ಸಲ. ಅಭ್ಯಾಸಬಲದಿಂದ ಎಲ್ಲರೂ ಬಾಗಿದರು. ಕೆಳಗಿಡಲು ಯಾರ ಕೈಯಲ್ಲೂ ಏನೂ ಇರಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು. ಮೊರದಲ್ಲಿ ಕಾಳು ತುಂಬಿತ್ತು. ಸರ್ವಮಂಗಳಾ ಸುಲಿದು ಮುಗಿದ ಒಂದು ಸಿಪ್ಪೆಯನ್ನೇ ಮತ್ತೆ ಮತ್ತೆ ಸುಲಿಯುತ್ತಿದ್ದಳು.

"ಸೀನುತ್ತಿವೆ," ಎಂದಳು ಕೊನೆಗೆ.

"ಯಾರು?"

"ನಮ್ಮ ಯಂತ್ರಗಳು. ಒಂದೊಂದಕ್ಕೂ ಅದರದೇ ಮನೆವಾರ್ತೆ ಇರುತ್ತದೆ ಮೇಷ್ಟ್ರೇ. ಆಗಾಗ ತನ್ನ ಗಡಿಯಾರ ಸರಿಮಾಡಿಕೊಳ್ಳುತ್ತದೆ. ದಿನಚರಿ ಬರೆದಿಡುತ್ತದೆ. ಕಸ ಗುಡಿಸುತ್ತದೆ. ಬದುಕಿದ್ದೀಯಾ ಅಂತ ಯಾರಾದರೂ ಕೇಳಿದರೆ ಇದ್ದೇನೆ ಅನ್ನುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ ಅದಕ್ಕೆ. ಒಂದೊಂದನ್ನೇ ಇಟ್ಟುಕೊಂಡು ನೋಡಿದರೆ ಲೆಕ್ಕಕ್ಕೇ ಸಿಗುವುದಿಲ್ಲ. ಅದಕ್ಕೇ ಸಿಗಲಿಲ್ಲ. ಆದರೆ ಒಂದೊಂದೂ ತನಗೆ ತೋಚಿದ ಹೊತ್ತಿಗೆ ಮಾಡಿಕೊಳ್ಳುತ್ತದೆ. ಸಾವಿರಾರು ಇರುವಾಗ ಪ್ರತಿ ಹೆಜ್ಜೆಯಲ್ಲೂ ಯಾವುದಾದರೊಂದು ಸೀನುತ್ತಿರುತ್ತದೆ. ಉಳಿದವೆಲ್ಲ ಹಗ್ಗ ಕೆಳಗಿಟ್ಟು ಕೂತಿರುತ್ತವೆ."

"ಏನು ಮಾಡ್ತೀಯ?"

"ಎಲ್ಲಕ್ಕೂ ಒಂದೇ ಹೊತ್ತು ಗೊತ್ತುಮಾಡುತ್ತೇನೆ. ಒಟ್ಟಿಗೆ ಸೀನಲಿ." ಅವಳ ಮಾತು ಈಗ ಬೇಗ ಬೇಗ ಬರುತ್ತಿತ್ತು. "ಒಂದೊಂದು ಯಂತ್ರದೊಳಗೂ ಲೆಕ್ಕ ಮಾಡುವ ಕೈಗಳು ಹಲವು ಇವೆ. ಅಷ್ಟನ್ನೂ ಹಗ್ಗಕ್ಕೆ ಹಚ್ಚಿದ್ದೆವು, ದುರಾಸೆ. ಒಂದು ಕೈಯನ್ನು ಬಿಡಿಸಿ ಬದಿಗೆ ನಿಲ್ಲಿಸುತ್ತೇನೆ. ಮನೆವಾರ್ತೆಯೆಲ್ಲ ಅದರದು."

"ಅತ್ತೆಯಂದಿರಿಗೆ ನಮಸ್ಕಾರ ಮಾಡುವವನು."

"ಅವನೇ."

ಇಬ್ಬರೂ ನಕ್ಕರು. ಸರ್ವಮಂಗಳಾ ಗೋಡೆಗೆ ಒರಗಿ ಕಾಲು ಚಾಚಿದಳು. ಎಷ್ಟೋ ದಿನದಿಂದ ಹೆಗಲ ಮೇಲೆ ಕೂತಿದ್ದದ್ದು ಇಳಿದ ಹಾಗಿತ್ತು. ಒಳಗಿನಿಂದ ಮೇಷ್ಟ್ರ ಹೆಂಡತಿ ಕಾಫಿ ತಂದಿಟ್ಟು, ಸುಲಿದ ಕಾಳಿನ ಮೊರ ಎತ್ತಿಕೊಂಡು ಹೋದರು. ಅವಳು ಒಂದು ಗುಟುಕು ಕುಡಿದು ಲೋಟವನ್ನು ಕೈಯಲ್ಲೇ ಇಟ್ಟುಕೊಂಡಳು. ಮುಖ ಮತ್ತೆ ಸ್ವಲ್ಪ ಕುಂದಿತು.

"ಕಲ್ಲು ಎಳೆಯುವುದು ತಿಳಿಯಿತು ಮೇಷ್ಟ್ರೇ. ಆದರೆ ನಮ್ಮ ಸಭೆಯಲ್ಲಿ ನಶ್ಯ ಹಾರಿಸುವುದಕ್ಕೆ ಆಗುವುದಿಲ್ಲ. ಅವರಿಗೆ ಬೇಕಾಗಿರುವುದು ಹೆಸರು. ಯಾರ ಹೆಸರೂ ಹೇಳದೆ ಎದ್ದು ಬಂದರೆ ಒಪ್ಪುವುದಿಲ್ಲ."

"ಹೇಳು. ಬೇಡ ಅಂದವರು ಯಾರು? ಸಾವಿರಾರು ಬೇಕು ಅಂತ ಕೇಳಿದವರು, ತಂದವರು, ಜೋಡಿಸಿದವರು, ಅಷ್ಟು ಕೈಯನ್ನೂ ಹಗ್ಗಕ್ಕೆ ಹಚ್ಚು ಅಂದ ನೀನು. ಎಲ್ಲರ ಹೆಸರೂ ಹೇಳು."

"ಪಾತಲಿಂಗನದು?"

ಓಬಳಯ್ಯ ಮೇಷ್ಟ್ರು ಮಡಿಲಲ್ಲಿದ್ದ ಸಿಪ್ಪೆ ಕೊಡವಿಕೊಂಡು ಎದ್ದರು.

"ಅವನದೂ ಹೇಳು ಮಂಗಳಾ, ಹೆಸರೂ ಸೀನಿನ ಹಾಗೆಯೇ, ಒಂಟಿಯಾದರೆ ಮಾತ್ರ ಅಪಶಕುನ."